ಹಳೂ, ಹಾಳು

ಕಾಕಾ ತೀರಿಕೊಂಡ ಮೇಲೆ ನಮ್ಮ ಕನ್ನಡ ಸಂಘದವರು ಬಂದು, ಅವರ ಬಗ್ಗೆ ಒಂದು ಪುಟ ಬರೆದುಕೊಡಿ ಎಂದರು. ಹುಟ್ಟಿದ್ದು ಎಲ್ಲಿ, ಓದಿದ್ದು ಎಷ್ಟು, ಯಾವ ಕಾರ್ಖಾನೆಯಲ್ಲಿ ದುಡಿದರು, ಕೊನೆಗೆ ಆತ್ಮಕ್ಕೆ ಶಾಂತಿ ಸಿಗಲಿ ಅಂತ ಒಂದು ಸಾಲು. ಇಷ್ಟಕ್ಕೆ ನಾನೇ ಬೇಕೇ ಎಂದು ಸಿಡುಕಿದೆ. ನಾನು ಮೂಗಿನ ತುದಿಯಲ್ಲೇ ಸಿಟ್ಟಿರುವವಳೆಂದು ಪುಣೆ ಪಕ್ಕದ ನಿಗಡಿಯ ನಮ್ಮ ಕಟ್ಟಡಕ್ಕೆಲ್ಲ ಗೊತ್ತು, ಹಾಗಾಗಿ ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಅವರು ಹೋದ ಮೇಲೆ ಕೂತು ಯೋಚಿಸಿದರೆ, ಆ ಪುಟಕ್ಕೆ ಬೇಕಾದ ಒಂದು ಸಂಗತಿಯೂ ನನಗೆ ಸರಿಯಾಗಿ ಗೊತ್ತಿರಲಿಲ್ಲ. ನನಗೆ ಗೊತ್ತಿದ್ದದ್ದು ಬೇರೆಯದೇ.

ಅವರ ಮನೆಯ ಬಾಗಿಲಿಗೆ ಹೆಸರಿನ ಫಲಕ ಇರಲಿಲ್ಲ. ಕಟ್ಟಡದಲ್ಲಿ ಉಳಿದವರ ಬಾಗಿಲಿಗೆಲ್ಲ ಹಿತ್ತಾಳೆಯದೋ ಪ್ಲಾಸ್ಟಿಕ್ಕಿನದೋ ಒಂದು ಫಲಕ, ಅದರ ಮೇಲೆ ಮರಾಠಿಯಲ್ಲಿ ಮನೆತನದ ಹೆಸರು. ಇವರ ಬಾಗಿಲಿಗೆ ಬರೀ ಒಂದು ತೋರಣ. ಯಾಕೆ ಎಂದು ಒಮ್ಮೆ ಕೆಣಕಿದ್ದೆ. "ಗೊತ್ತಿದ್ದವ್ರು ಬೋರ್ಡ್ ನೋಡಿ ಬರಂಗಿಲ್ಲ, ಗೊತ್ತಿಲ್ಲದವ್ರು ನೋಡಿ ಏನ ಮಾಡ್ತಾರ್ರಿ" ಎಂದಿದ್ದರು. ಹಾಗಾಗಿ ನಾನೂ ಇಲ್ಲಿ ಅವರ ಹೆಸರು ಬರೆಯುವುದಿಲ್ಲ. ಕಟ್ಟಡಕ್ಕೆಲ್ಲ ಅವರು ಕಾಕಾ, ಅವರ ಹೆಂಡತಿ ಕಾಕು. ಮರಾಠಿಯವರೂ ಹಾಗೇ ಕರೆಯುತ್ತಿದ್ದರು, ನಾವೂ ಹಾಗೇ.

ಗದಗಿನ ಕಡೆಯವರು. ಆಕುರ್ಡಿಯ ಒಂದು ಕಾರ್ಖಾನೆಯಲ್ಲಿ ಪ್ರೆಸ್ ಯಂತ್ರಗಳಿಂದ ಬಂದ ಭಾಗಗಳನ್ನು ಪರೀಕ್ಷಿಸುವ ಕೆಲಸ. ಅದರ ಬಗ್ಗೆ ಅವರು ಹೇಳುತ್ತಿದ್ದದ್ದು ಒಂದೇ ಮಾತು: "ನಾ ಮಾಡಾಂವ ಅಲ್ರಿ, ನೋಡಾಂವ." ಮನೆಯಲ್ಲೂ ಹಾಗೇ. ಒಂದು ಬಲ್ಬು ಬದಲಿಸಲು ಬರುತ್ತಿರಲಿಲ್ಲ, ಆದರೆ ಯಾರಾದರೂ ಬದಲಿಸುತ್ತಿದ್ದರೆ ಬ್ಯಾಟರಿ ಹಿಡಿದು ನಿಲ್ಲುತ್ತಿದ್ದರು. ತೊಂಬತ್ತರ ದಶಕದ ಕೊನೆಗೆ ನಾನು ಕೆಳಗಿನ ಅಂಗಡಿಯ ಜಾಗದಲ್ಲಿ ಕಂಪ್ಯೂಟರ್ ಕ್ಲಾಸು ತೆರೆದಾಗ, ವಾರಕ್ಕೊಮ್ಮೆಯಾದರೂ ಯಾವುದೋ ಕಂಪ್ಯೂಟರಿನ ಡಬ್ಬ ಬಿಚ್ಚಿಕೊಂಡು ಕೂತಿರುತ್ತಿದ್ದೆ. ಕಾಕಾ ಪಾಳಿ ಮುಗಿಸಿ ಬಂದವರು ಚಪ್ಪಲಿಯನ್ನೂ ಬಿಡದೆ ಬಂದು ಬ್ಯಾಟರಿ ಹಿಡಿಯುತ್ತಿದ್ದರು. ನನ್ನ ಕಣ್ಣು ಎಲ್ಲಿ ಹೋಗಬೇಕೋ ಬೆಳಕು ಅಲ್ಲಿ ಮೊದಲೇ ಇರುತ್ತಿತ್ತು. ನಾನು ಯಂತ್ರಕ್ಕೆ ಬೈಯತೊಡಗಿದರೆ, "ಬೈಬ್ಯಾಡ್ರಿ, ಅದಕ್ಕೂ ಒಂದ ಮಾರಿ ಅದ" ಎನ್ನುತ್ತಿದ್ದರು. ಯಂತ್ರಕ್ಕೆಲ್ಲಿಯ ಮುಖ ಎಂದು ನಾನು ಅವರಿಗೇ ಬೈಯುತ್ತಿದ್ದೆ.

ಯಾವುದನ್ನಾದರೂ ಗಮನ ಕೊಟ್ಟು ಕೇಳುವಾಗ ಅವರು ಎಡಗಿವಿಯ ಹಾಲೆ ಹಿಡಿದುಕೊಳ್ಳುತ್ತಿದ್ದರು. ಪ್ರೆಸ್ಸುಗಳ ಸದ್ದಿನಲ್ಲಿ ನೌಕರಿ ಕಳೆದ ಮನುಷ್ಯನಿಗೆ ಕಿವಿ ಮಂದವಾಗಬೇಕಿತ್ತು. ಇವರಿಗೆ ಉಲ್ಟಾ ಆಗಿತ್ತು, ಸಣ್ಣ ಸದ್ದೂ ಬಿಡುತ್ತಿರಲಿಲ್ಲ. ಒಂದು ವರ್ಷ ಗಣಪತಿ ಹಬ್ಬದಲ್ಲಿ ನಮ್ಮ ಗೇಟಿನ ಎದುರಿನ ಪೆಂಡಾಲಿನವರು ಸ್ಪೀಕರು ಕಟ್ಟಿ ಇಡೀ ಗಲ್ಲಿಯ ತಲೆ ಒಡೆಯುತ್ತಿದ್ದರು. ಕಾರ್ಯದರ್ಶಿ ಪೊಲೀಸರನ್ನು ಕರೆಯುತ್ತೇನೆಂದ, ನಾನು ಇಳಿದು ಹೋಗಿ ಒಂದು ಸುತ್ತು ಜಗಳವಾಡಿ ಬಂದೆ. ಏನೂ ಆಗಲಿಲ್ಲ. ಆಮೇಲೆ ಕಾಕಾ ಹೋದರು. ಪ್ರಸಾದ ತೆಗೆದುಕೊಂಡು, ಸ್ಪೀಕರಿನ ಮುಂದೆಯೇ ಒಂದು ಕುರ್ಚಿ ಎಳೆದುಕೊಂಡು, ಕಿವಿಯ ಹಾಲೆ ಹಿಡಿದು ಕೂತರು. ಸ್ವಲ್ಪ ಹೊತ್ತಿಗೆ ಪೆಂಡಾಲಿನ ಮುಖ್ಯಸ್ಥ, ದಪ್ಪ ಮೀಸೆಯ ಗೃಹಸ್ಥ, ತಾನೇ ಎದ್ದು ಹೋಗಿ ಸದ್ದು ಇಳಿಸಿದ. ಏನು ಹೇಳಿದಿರಿ ಎಂದು ಕೇಳಿದೆ. "ಏನೂ ಹೇಳ್ಲಿಲ್ರಿ. ನಾ ಕೇಳ್ಕೋತ ಕೂತೆ. ಅದನ್ನ ನೋಡಿ ಅವಂಗೂ ಕೇಳಿಸ್ತು." ಆ ದಿನದಿಂದ ಅವನು ಕಾಕಾರನ್ನು ಕಂಡಲ್ಲೆಲ್ಲ ನಿಂತು ನಮಸ್ಕಾರ ಮಾಡುತ್ತಿದ್ದ. ನನ್ನನ್ನು ಕಂಡರೆ ರಸ್ತೆ ದಾಟುತ್ತಿದ್ದ.

ಸದ್ದು ಇಳಿಸುವ ಮಾತು ಬಂದದ್ದರಿಂದ ಅವರ ಮನೆಯ ಒಂದು ಶಬ್ದದ ಕಥೆಯನ್ನು ಇಲ್ಲೇ ಹೇಳಬೇಕು. ಮದುವೆಯಾದ ಹೊಸದರಲ್ಲಿ ಕಾಕು ಗದಗಿನಿಂದ ಬಂದು ಇಳಿದದ್ದು ಪಿಂಪರಿಯ, ವಠಾರದಂಥ ಒಂದು ಚಾಳಿಗೆ. ಮರಾಠಿಯ ಒಂದಕ್ಷರವೂ ಬರದು. ಮರುದಿನ ತುಂಬಿದ ಕೊಡ ಹೊತ್ತು ಮೆಟ್ಟಿಲು ಏರುತ್ತಿದ್ದಾಗ ಮೇಲಿನ ಮನೆಯ ಮುದುಕಿ ಕಟಕಟೆಗೆ ಒರಗಿ, "ಹಳೂ ಗ ಪೋರಿ, ಹಳೂ" ಎಂದಳಂತೆ. ಮೆಲ್ಲಗೆ ಬಾ ಮಗಳೇ, ಮೆಲ್ಲಗೆ ಎಂದು ಪ್ರೀತಿಯಿಂದ ಹೇಳಿದ್ದು. ಕಾಕುವಿನ ಕಿವಿಗೆ ಬಿದ್ದದ್ದು ಹಾಳು, ಹಾಳು. ಹೊಸ ಸೊಸೆ ಮನೆ ತುಂಬುವ ಹೊತ್ತಿಗೆ ಹಾಳು ಎಂದು ಶಪಿಸಿದಳಲ್ಲ ಈ ಮುದುಕಿ ಎಂದು ಕೊಡ ಇಳಿಸಿ ಒಂದೇ ಸಮನೆ ಅತ್ತರಂತೆ. ಸಂಜೆ ಕಾಕಾ ಬಂದು, ಏನಾಯಿತೆಂದು ಕೇಳಿ, ಅರ್ಥ ಬಿಡಿಸಿ ಹೇಳಿ, ನಕ್ಕು ನಕ್ಕು ಸುಸ್ತಾದರು. ಅವತ್ತಿನಿಂದ ಅವರ ಮನೆಯಲ್ಲಿ ಮೆಲ್ಲಗೆ ಎನ್ನುವ ಶಬ್ದವೇ ಸತ್ತುಹೋಯಿತು. ಎಲ್ಲದಕ್ಕೂ ಹಾಳ.

"ಹಾಳ ಬಾ, ಮೆಟ್ಟಲ ಒದ್ದಿ ಅದಾವು." "ಟೀವಿ ಹಾಳ ಮಾಡ್ರಿ, ಮಂದಿ ಮಲಗ್ಯಾರ." ಊರಿನಿಂದ ಬಂದ, ತಂಗಿಯ ಹೊಸ ಬೀಗರೊಬ್ಬರಿಗೆ ಬಿಸಿ ಹೋಳಿಗೆ ಬಡಿಸುತ್ತ ಕಾಕು, "ಹಾಳ ತಿನ್ರಿ" ಎಂದುಬಿಟ್ಟಿದ್ದರು. ಬೀಗರು ಕೈ ಎತ್ತಿ ಕೂತರು. ಕಾಕಾ ಕಥೆ ಹೇಳಿ ಸಮಾಧಾನ ಮಾಡುವಷ್ಟರಲ್ಲಿ ಹೋಳಿಗೆ ಆರಿಹೋಗಿತ್ತು. ನಾನು ಅವರ ಮನೆಗೆ ಹೋಗಿಬರುತ್ತ ಆ ಶಬ್ದಕ್ಕೆ ಎಷ್ಟು ಒಗ್ಗಿಹೋಗಿದ್ದೆನೆಂದರೆ, ಒಮ್ಮೆ ಕ್ಲಾಸಿನಲ್ಲಿ ಬೆರಳಚ್ಚು ಕಲಿಸುವಾಗ "ಹಾಳ ಹೊಡೀರಿ" ಎಂದುಬಿಟ್ಟೆ, ಹುಡುಗಿಯರು ಕೀಬೋರ್ಡಿನಿಂದ ಕೈ ತೆಗೆದರು.

ಕಾಕು ಹಾಡುತ್ತಿದ್ದರು. ದೊಡ್ಡ ಗಾಯಕಿ ಏನಲ್ಲ. ಆದರೆ ನಿಗಡಿ, ಆಕುರ್ಡಿ, ಚಿಂಚವಾಡದ ಕನ್ನಡ ಹೆಣ್ಣುಮಕ್ಕಳನ್ನು ಸೇರಿಸಿಕೊಂಡು ಪ್ರತಿ ಮಂಗಳವಾರ ತಮ್ಮ ಪಡಸಾಲೆಯಲ್ಲಿ ಹಾಡಿಸುತ್ತಿದ್ದರು. ಆರತಿಯ ಹಾಡು, ಉಡಿ ತುಂಬುವ ಹಾಡು, ಬೀಸುವಾಗಿನ ಹಾಡು. ಕೆಲವು ಅವರ ತಾಯಿಯೇ ಕಟ್ಟಿದ್ದವು. ಕಾಕಾ ಟೇಪ್ ರೆಕಾರ್ಡರಿನಲ್ಲಿ ಅದನ್ನೆಲ್ಲ ಹಿಡಿದಿಟ್ಟಿದ್ದರು. ಬಟನ್ ಒತ್ತಿ, "ಹೂಂ, ಹೇಳ್ರಿ" ಎನ್ನುತ್ತಿದ್ದರು. ಹೀಗಾಗಿ ಪ್ರತಿಯೊಂದು ಹಾಡಿನ ಮೊದಲಿಗೂ ಅವರ ದನಿ, ನಡುವೆ ಕುಕ್ಕರಿನ ಸೀಟಿ, ಕೆಳಗೆ ತರಕಾರಿ ಮಾರುವವನ ಕೂಗು.

ಕಾಕಾ ನಿವೃತ್ತರಾದ ಸ್ವಲ್ಪ ದಿನಕ್ಕೆ ಕಾಕುವಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ ಹೋಯಿತು, ಬಲಗಾಲು ಎಳೆಯತೊಡಗಿತು, ಮಾತು ಪೂರ್ತಿ ನಿಂತಿತು. ಎಲ್ಲ ತಿಳಿಯುತ್ತಿತ್ತು. ಚಹಾ ಬೇಕೇ ಎಂದರೆ ತಲೆ ಆಡಿಸುತ್ತಿದ್ದರು. ಆದರೆ ಬಾಯಿ ತೆರೆದರೆ ಗಂಟಲಿನಲ್ಲೇ ಏನೋ ಒಂದು ಸದ್ದಾಗಿ ನಿಲ್ಲುತ್ತಿತ್ತು, ಕಣ್ಣು ತುಂಬಿಕೊಳ್ಳುತ್ತಿತ್ತು. ಮಕ್ಕಳಿಲ್ಲದ ಮನೆ. ಇಬ್ಬರೇ ಆಡುತ್ತಿದ್ದ ಮಾತಿನಲ್ಲಿ ಒಬ್ಬರದು ನಿಂತರೆ ಇನ್ನೊಬ್ಬರದೂ ಹೆಚ್ಚು ದಿನ ನಡೆಯುವುದಿಲ್ಲ. ಕಾಕಾ ಮೊದಲೇ ಕಡಿಮೆ ಮಾತಿನವರು, ಈಗ ಇನ್ನೂ ಬತ್ತಿಹೋದರು.

ಒಂದು ಮಧ್ಯಾಹ್ನ ಅವರು ಕ್ಲಾಸಿಗೆ ಬಂದು ನನ್ನ ಎದುರಿನ ಸ್ಟೂಲಿನಲ್ಲಿ ಕೂತರು. ಕನ್ನಡಕ ತೆಗೆದು ಒರೆಸಿದರು. "ಆಕಿ ಹಾಡಿದಳ್ರಿ" ಎಂದರು.

ನನಗೆ ಅರ್ಥವಾಗಲಿಲ್ಲ.

"ಹಳೇ ಟೇಪ ಹಚ್ಚಿ ಹೊರಗ ಬಂದಿದ್ದೆ. ಒಳಗ ಟೇಪಿನ ಸಂಗಾಟ ಇನ್ನೊಂದು ದನಿ. ಶಬ್ದ ಎಲ್ಲಾ ಬರೋಬ್ಬರಿ ಅದಾವು. ಮಾತು ಬರಂಗಿಲ್ಲ, ಹಾಡು ಬರ್ತದ."

ಆಸ್ಪತ್ರೆಯಲ್ಲಿ ಮಾತು ಕಲಿಸುವ ಡಾಕ್ಟರಮ್ಮನನ್ನು ಕೇಳಿಕೊಂಡು ಬಂದಿದ್ದರು. ಅವರು ಹೇಳಿದ್ದನ್ನು ಕಾಕಾ ತಮ್ಮ ಮಾತಿನಲ್ಲಿ ನನಗೆ ಹೇಳಿದರು: "ತಲಿಯೊಳಗ ಮಾತಿರೋ ಖೋಲಿ ಬ್ಯಾರೆ, ಹಾಡಿರೋ ಖೋಲಿ ಬ್ಯಾರೆ ಅಂತ್ರಿ. ಮಾತಿನ ಖೋಲಿ ಕದ ಹಾಕ್ಕೊಂಡದ. ಹಾಡಿನ ಖೋಲ್ಯಾಗಿಂದ ಒಂದೊಂದ ಸಲ ಅದರೊಳಗ ಹೋಗಾಕ ಬರ್ತದಂತ." ಕನ್ನಡಕ ಮತ್ತೆ ಹಾಕಿಕೊಂಡು, "ನನಗ ಹಾಡು ಬ್ಯಾಡ್ರಿ. ಹಾಡು ಎಲ್ಲಾರ ಸಲುವಾಗಿ ಹಾಡ್ಯಾಳ. ನನಗ ಒಂದ ಮಾತ ಸಾಕು. ಬೈದರೂ ನಡೀತದ" ಎಂದರು.

ನಾನು ಕ್ಲಾಸಿಗೆ ಬೀಗ ಹಾಕಿ ಅವರ ಹಿಂದೆ ಮೆಟ್ಟಿಲು ಹತ್ತಿದೆ. 

ತೊಂದರೆ ಎರಡಿತ್ತು. ಟೇಪು ಸವೆದು, ರೆಕಾರ್ಡರು ಅದನ್ನು ನುಂಗತೊಡಗಿತ್ತು. ಇನ್ನೊಂದು, ಯಾರಾದರೂ ಕಾಕು ಮಲಗುವ ಖೋಲಿಯೊಳಗೆ ಹೋಗಿ ಬಟನ್ ಒತ್ತಿದರೆ ಕಾಕು ಬಾಯಿ ಮುಚ್ಚಿ ಗೋಡೆಯ ಕಡೆ ತಿರುಗುತ್ತಿದ್ದರು. ತನ್ನನ್ನು ಹಾಡಿಸಲು ಬಂದಿದ್ದಾರೆ ಎಂಬ ನಾಚಿಕೆ. ಹಾಡು ತಾನಾಗಿ ಬಂದಂತೆ ಬರಬೇಕು, ಖೋಲಿಯಲ್ಲಿ ಯಾರೂ ಇರಬಾರದು, ಆಗ ಮಾತ್ರ ಹಾಡುತ್ತಿದ್ದರು. ಪಡಸಾಲೆಯಿಂದ ಒಂದು ವೈರು ಎಳೆದು ಒಳಗೆ ಸ್ಪೀಕರು ಇಟ್ಟು ನೋಡಿದೆವು. ಎಳೆಯುವ ಕಾಲು ಹೊಸ್ತಿಲಲ್ಲಿ ವೈರಿಗೆ ಸಿಕ್ಕಿ ಕಾಕು ಬಿದ್ದರು. ಕಾಕಾ ಅದೇ ಗಳಿಗೆಯಲ್ಲಿ ವೈರನ್ನು ಕಿತ್ತು ಸುತ್ತಿ ಬಾಲ್ಕನಿಗೆ ಎಸೆದರು. "ಇನ್ನ ಈ ಮನ್ಯಾಗ ವೈರ್ ಬ್ಯಾಡ" ಎಂದರು. ಅವರು ದನಿ ಎತ್ತಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಆಗಷ್ಟೇ ಪೇಟೆಗೆ ಹೊಸ ಪೆಟ್ಟಿಗೆಗಳು ಬಂದಿದ್ದವು. ಕರಿಯ ಸಣ್ಣ ಡಬ್ಬ, ಹಾಡುಗಳನ್ನೆಲ್ಲ ಹೊಟ್ಟೆಯಲ್ಲಿ ಇಟ್ಟುಕೊಂಡು, ವೈರಿಲ್ಲದೆ, ವೈಫೈ ಮೂಲಕ ಇನ್ನೊಂದು ಖೋಲಿಯ ಸ್ಪೀಕರಿಗೆ ಕಳಿಸುವಂಥದ್ದು. ನಾನು ಪುಣೆಗೆ ಹೋಗಿ — ನಾವು ನಿಗಡಿಯವರು ಇಂದಿಗೂ ಪುಣೆಗೆ ಹೋಗಿಬರುತ್ತೇವೆ ಎಂದೇ ಹೇಳುವುದು — ಡಬ್ಬ, ರೌಟರು, ಸ್ಪೀಕರು ತಂದೆ. ಟೇಪುಗಳನ್ನು ಕಂಪ್ಯೂಟರಿಗೆ ಇಳಿಸಿ, ಹಾಡು ಹಾಡು ಬಿಡಿಸಿ ತುಂಬಿದೆ. "ನನ್ನ ದನಿ ತಗದಬಿಡ್ರಿ, ಹಾಡಿನ್ಯಾಗ ನಂದೇನ ಕೆಲಸ" ಎಂದು ಕಾಕಾ ಹೇಳಿದ್ದರಿಂದ ಪ್ರತಿ ಹಾಡಿನ ಮುಂದಿನ "ಹೂಂ, ಹೇಳ್ರಿ" ಕತ್ತರಿಸಿದೆ. ಹಾಡು ಶುರುವಾಯಿತು, ಕಾಕು ಶುರುಮಾಡಲೇ ಇಲ್ಲ. ಇನ್ನೊಂದು ಹಾಡು, ಆಗಲೂ ಇಲ್ಲ. ಕತ್ತರಿಸಿದ್ದನ್ನು ಹಿಂದಕ್ಕೆ ಜೋಡಿಸಿದೆ. "ಹೂಂ, ಹೇಳ್ರಿ" ಎಂದಿತು ಸ್ಪೀಕರು, ಒಳಗಿನಿಂದ ಕಾಕುವಿನ ದನಿ ಬಂತು. ಹಣ್ಣಾದ, ಒಡೆದ ದನಿ. ಹರೆಯದ ತನ್ನದೇ ದನಿಯ ಹಿಂದೆ ಹಿಂದೆ ಹೋಗುವ ದನಿ. ಕಾಕಾ ಮನೆಯೊಳಗೆ ಅಡಿಗೆಮನೆಯ ಪಕ್ಕದ ಓಣಿಯಂಥ ಕಿರುದಾರಿಯಲ್ಲಿ, ಕಾಕುವಿನ ಬಾಗಿಲಿನಾಚೆ, ಕಿವಿಯ ಹಾಲೆ ಹಿಡಿದು ನಿಂತಿದ್ದರು.

ನಡು ಹಾಡಿನಲ್ಲಿ ಸ್ಪೀಕರು ನಿಂತಿತು. ಸ್ವಲ್ಪ ಸುಮ್ಮನಿದ್ದು, ಮತ್ತೆಲ್ಲಿಂದಲೋ ಶುರುವಾಯಿತು. ಆದರೆ ಕಾಕು ಸಾಲಿನ ಅರ್ಧಕ್ಕೇ ನಿಂತಿದ್ದರು. ಚಲಿಸುವ ಬಸ್ಸು ಹತ್ತಲು ಬಾರದವರಂತೆ, ಮುಂದೆ ಹೋದ ಹಾಡನ್ನು ಹಿಡಿಯಲು ಅವರಿಗೆ ಆಗುತ್ತಿರಲಿಲ್ಲ. ಎಡಗೈಯಿಂದ ಮಂಚದ ಹಲಗೆ ಬಡಿದುಕೊಂಡರು. ಆ ಸದ್ದು ನನಗೆ ಇಂದಿಗೂ ಕೇಳಿಸುತ್ತದೆ.

ಆಮೇಲೆ ಶುರುವಾಯಿತು ನನ್ನ ಹೆಣಗಾಟ. ಡಬ್ಬ ಆರಿಸಿ ಹಚ್ಚಿದೆ, ರೌಟರು ಆರಿಸಿ ಹಚ್ಚಿದೆ, ಸ್ಪೀಕರು ಜಾಗ ಬದಲಿಸಿದೆ. ಪಕ್ಕದವರ ವೈಫೈ ಅಡ್ಡ ಬರುತ್ತಿದೆಯೇನೋ ಎಂದು ಚಾನೆಲು ಬದಲಿಸಿದೆ. ಮರುದಿನ ಬಂದು ನೋಡಿದರೆ ಡಬ್ಬಕ್ಕೂ ರೌಟರಿಗೂ ಕಸೂತಿ ಹಾಕಿದ ಒಂದೊಂದು ಬಟ್ಟೆಯ ಕುಲಾಯಿ. ಕಾಕು ಹಿಂದೆ ಟೀವಿಗೆ, ಫೋನಿಗೆ, ಮಿಕ್ಸರಿಗೆ ಹೊಲಿದಿಟ್ಟವು. ಧೂಳು ಕೂರಬಾರದೆಂದು ಕಾಕಾ ತೊಡಿಸಿದ್ದರು. ಡಬ್ಬ ಕಾದು ಕೆಂಡವಾಗಿತ್ತು. ನಾನು ಬೈದೆ. "ಆಕಿ ನೋಡಿದ್ರ ಬರೇ ಮೈಲೆ ಇಟ್ಟಾರಂತಿದ್ದಳು" ಎಂದರು. ಡಬ್ಬದ ಕುಲಾಯಿ ತೆಗೆಸಿದೆ, ಆದರೂ ಹಾಡು ನಡುವೆ ಕಡಿಯುವುದು ನಿಲ್ಲಲಿಲ್ಲ.

ಕಾಕಾ ಬ್ಯಾಟರಿ ಹಿಡಿದು ಬೆನ್ನಿಗೇ ಇರುತ್ತಿದ್ದರು, ಹಗಲಿನಲ್ಲಿಯೂ. ಕೊನೆಗೆ ನಾನು ಗೋಡೆ ಗೋಡೆ ನೋಡುತ್ತ ಹೋದೆ. ಪಡಸಾಲೆಗೂ ಕಾಕುವಿನ ಖೋಲಿಗೂ ನಡುವೆ ಅಡಿಗೆಮನೆ. ಅಡಿಗೆಮನೆಯ ಗೋಡೆಯ ತುಂಬ ಪಾತ್ರೆ ಜೋಡಿಸುವ ಸ್ಟೀಲಿನ ಸ್ಟ್ಯಾಂಡು. ಅದರಲ್ಲಿ ತಾಟು, ಡಬ್ಬಿ, ತಂಬಿಗೆ, ಒಂದರ ಮೇಲೊಂದು, ಕನ್ನಡಿಯಂತೆ ತಿಕ್ಕಿ ಇಟ್ಟವು. ಕೆಳಗೆ ನೀರು ತುಂಬಿದ ತಾಮ್ರದ ಹಂಡೆ. ಲೋಹ ಮತ್ತು ನೀರು, ವೈಫೈಗೆ ಇವೆರಡೂ ಆಗಿಬರುವುದಿಲ್ಲ. "ಕಾಕಾ, ಈ ಭಾಂಡೆ ಎಲ್ಲಾ ಬ್ಯಾರೆ ಕಡೆ ಇಡೋಣ, ಇವತ್ತೇ ಸರಿಹೋಗ್ತದ" ಎಂದೆ.

ಅವರು ಸ್ಟ್ಯಾಂಡಿನ ಮೇಲಿಂದ ಕೆಳಗಿನವರೆಗೆ ಬ್ಯಾಟರಿಯ ಬೆಳಕು ಹಾಯಿಸಿದರು. "ಬ್ಯಾಡ್ರಿ" ಎಂದರು.

"ಯಾಕ್ರಿ? ಭಾಂಡೆ ದೊಡ್ಡೂವೋ ಹಾಡು ದೊಡ್ಡದೋ?"

"ಆಕಿ ಬಲಗೈಲೆ ಇಟ್ಟ ಜಾಗಾ ಅವು" ಎಂದರು. "ನಾ ತಗದು ತೊಳದು ಅಲ್ಲೇ ಇಡ್ತೀನಿ. ಸರಿಸೂದು ಬ್ಯಾಡ."

ನನ್ನ ಸಿಟ್ಟು ಅಲ್ಲಿಗೇ ಇಳಿಯಿತು. ಭಾಂಡೆ ಸರಿಸುವ ಹಾಗಿಲ್ಲದ ಮೇಲೆ ಅಲೆಯನ್ನೇ ಸುತ್ತುಹಾಕಿಸಬೇಕು. ಮುಂಬಾಗಿಲಿನ ಚೌಕಟ್ಟಿನ ಮೇಲಿಂದ ಓಣಿ ನೇರವಾಗಿ ಕಾಕುವಿನ ಖೋಲಿಯವರೆಗೆ ಕಾಣುತ್ತಿತ್ತು. ತೋರಣ ಕಟ್ಟಿದ ಮೊಳೆಗೇ, ಒಳಗಡೆಗೆ, ರೌಟರನ್ನು ತೂಗುಹಾಕಿದೆ. ಕಡಿಯುವುದು ಬಹಳಷ್ಟು ನಿಂತಿತು. ಆದರೂ ಒಂದೊಂದು ದಿನ ಡಬ್ಬಕ್ಕೆ ಸ್ಪೀಕರೇ ಸಿಗುತ್ತಿರಲಿಲ್ಲ. ಅದರ ಕಾರಣ ಬೇರೆ. ರೌಟರು ಸ್ಪೀಕರಿಗೆ ಸಲಸಲಕ್ಕೆ ಹೊಸ ವಿಳಾಸ ಕೊಡುತ್ತಿತ್ತು, ಡಬ್ಬ ಹಳೆಯ ವಿಳಾಸದಲ್ಲಿ ಹುಡುಕುತ್ತಿತ್ತು. ಒಳಗಿನ ಪುಟ ತೆರೆದು ಸ್ಪೀಕರಿಗೆ ಒಂದು ಕಾಯಂ ವಿಳಾಸ ಬರೆದೆ. ಏನು ಮಾಡಿದೆನೆಂದು ಕಾಕಾರಿಗೆ ವಿವರಿಸಿದಾಗ, ಎಷ್ಟೋ ದಿನದ ಮೇಲೆ ಅವರ ತುಟಿಯ ಮೇಲೆ ಒಂದು ನಗೆ ಬಂತು. "ನಾವು ಬಂದು ಒಂದ ಜನ್ಮ ಆತು, ಇನ್ನೂ ಎಲ್ಲಾ ಕಡೆ ಕಾಯಂ ವಿಳಾಸ ಗದಗ ಅಂತನ ಬರಿತೀವಿ. ಇದಕ್ಕ ಬಂದ ವಾರದಾಗ ನಿಗಡಿ ಆತು ನೋಡ್ರಿ."

ಹಾಡು ಕಡಿಯದೆ ಹರಿಯತೊಡಗಿತು. ಬೆಳಿಗ್ಗೆ ಹಾಲು ಕಾಯಿಸಿ ಕಾಕಾ ಪಡಸಾಲೆಯಲ್ಲಿ ಒಂದು ಬಟನ್ ಒತ್ತಿ, ಓಣಿಯಲ್ಲಿ ನಿಲ್ಲುತ್ತಿದ್ದರು. ಕಾಕು ಮೊದಲಿನಿಂದ ಕೊನೆಯವರೆಗೆ ಹಾಡುತ್ತಿದ್ದರು. ಮೆಟ್ಟಿಲಿಳಿದು ಕ್ಲಾಸಿಗೆ ಹೋಗುವಾಗ ನಾನೂ ಒಂದು ಗಳಿಗೆ ಅವರ ಬಾಗಿಲಲ್ಲಿ ನಿಲ್ಲುತ್ತಿದ್ದೆ. ನನ್ನ ಕೆಲಸದ ಬಗ್ಗೆ ನನಗೆ ಹೆಮ್ಮೆಯಾಗಿತ್ತು, ಸುಳ್ಳೇಕೆ ಹೇಳಲಿ.

ಒಂದು ದಿನ ಕಾಕಾ ಫೋನು ಮಾಡಿದರು.  "ಸ್ವಲ್ಪ ಬಂದು ಹಾಡು ಹಾಳ ಮಾಡಿ ಕೊಡ್ರಿ."

ಹಾಳ ಎಂದರೆ ಅವರ ಮನೆಯಲ್ಲಿ ಏನೆಂದು ನನಗೆ ಗೊತ್ತೇ ಇತ್ತಲ್ಲ. ಸದ್ದು ಜಾಸ್ತಿಯಾಗಿದೆ, ಇಳಿಸಲು ಬರುತ್ತಿಲ್ಲ. ಇಷ್ಟಕ್ಕೆ ಫೋನು ಯಾಕೆ ಎಂದು ಗೊಣಗುತ್ತ ಹೋಗಿ, ಡಬ್ಬದ ಸದ್ದು ಇಳಿಸಿ, "ಈ ಬಟನ್ ನೋಡ್ರಿ, ಎಷ್ಟ ಸಲ ಹೇಳೇನಿ" ಎಂದೆ.

"ಆ ಹಾಳ ಅಲ್ರಿ" ಎಂದರು ಕಾಕಾ. "ಮಂದಿ ಅನ್ನೋ ಹಾಳು. ಖರೇ ಹಾಳು. ಮೊದಲ ಹೆಂಗ ಕಡೀತಿತ್ತು, ಹಂಗ ಮಾಡ್ರಿ."

ಬೆಳಿಗ್ಗೆ ಕರೆಂಟು ಒಮ್ಮೆ ಕಣ್ಣು ಮಿಟುಕಿಸಿ ಹೋಗಿತ್ತಂತೆ. ಗೌರಿಯ ಆರತಿಯ ಹಾಡು, ಕಾಕುವಿನ ತಾಯಿ ಕಟ್ಟಿದ್ದು. ಗೌರಿ ಹೊಸ್ತಿಲಿಗೆ ಬಂದಳು, ಹಳದಿ ಸೀರೆ ಉಟ್ಟಳು ಎಂಬಲ್ಲಿಗೆ ಸ್ಪೀಕರು ಸತ್ತಿತು. ಮಂಚದ ಹಲಗೆ ಬಡಿಯುವ ಸದ್ದಿಗೆ ಕಾಕಾ ಕಾದರು. ಬರಲಿಲ್ಲ. ಬಂದದ್ದು ಕಾಕುವಿನ ದನಿ, ಒಂಟಿಯಾಗಿ. ಸ್ಪೀಕರು ಬಿಟ್ಟಲ್ಲಿಂದ ಎತ್ತಿಕೊಂಡು, ಕುಂಕುಮ ಇಟ್ಟಳು, ಬಳೆ ತೊಟ್ಟಳು ಎಂದು ನುಡಿ ಮುಗಿಸಿದರಂತೆ. "ಕಡಿಯೋದರಾಗ ಆಕಿಗೆ ಜಾಗಾ ಸಿಗ್ತದ್ರಿ" ಎಂದರು ಕಾಕಾ. "ನಾವು ತುಂಬಿಬಿಟ್ಟಿದ್ವಿ."

ಅಷ್ಟು ದಿನ ಕಷ್ಟಪಟ್ಟು ಸರಿಮಾಡಿದ್ದನ್ನು ನಾನೇ ಕೂತು ಕೆಡಿಸಿದೆ. ವೈಫೈಯನ್ನಲ್ಲ, ಹಾಡುಗಳನ್ನು. ಕಂಪ್ಯೂಟರಿನಲ್ಲಿ ಒಂದೊಂದು ಹಾಡನ್ನೂ ತೆರೆದು, ಸಾಲಿನ ಕೊನೆಯ ಶಬ್ದವನ್ನು ಅಳಿಸಿ, ಅಷ್ಟೇ ಉದ್ದದ ಮೌನ ಇಟ್ಟೆ. ಕಾಕು ಅದನ್ನು ತುಂಬಿದರು. ಆಮೇಲೆ ಅರ್ಧ ಸಾಲು. ಅದನ್ನೂ ತುಂಬಿದರು. ಆಮೇಲೆ ಇಡೀ ಸಾಲು. ಎಲ್ಲಿ ಹಾಳು ಮಾಡಬೇಕೆಂದು ಕಾಕಾ ಪಕ್ಕದಲ್ಲಿ ಕೂತು, ಕಿವಿಯ ಹಾಲೆ ಹಿಡಿದು ಹೇಳುತ್ತಿದ್ದರು. ನಾನು ಮಾಡುವವಳು, ಅವರು ನೋಡುವವರು. ಕೊನೆಕೊನೆಗೆ ಒಂದೆರಡು ಹಾಡಿನಲ್ಲಿ ಉಳಿದದ್ದು ಬರೀ "ಹೂಂ, ಹೇಳ್ರಿ" ಮತ್ತು ಮೊದಲ ಒಂದು ಶಬ್ದ. ಮಿಕ್ಕದ್ದೆಲ್ಲ ಕಾಕುವಿನದು.

ಆದರೆ ಮಾತು ಬರಲಿಲ್ಲ. ಹಾಡು ಮುಗಿದೊಡನೆ ಕದ ಮುಚ್ಚಿಕೊಳ್ಳುತ್ತಿತ್ತು. ಬಳೆ ಎಂದು ಹಾಡಬಲ್ಲರು, ಬಳೆ ಕೊಡ್ರಿ ಎನ್ನಲಾರರು. ಕಾಕಾ ಪ್ರತಿದಿನ ಹಾಡು ಮುಗಿದ ಮೇಲೆ ಒಂದು ನಿಮಿಷ ಹಾಗೇ ಓಣಿಯಲ್ಲಿ ನಿಂತಿರುತ್ತಿದ್ದರು. ಏನಾದರೂ ಬಂತೇ ಎಂದು ನಾನು ಕಣ್ಣಿನಲ್ಲೇ ಕೇಳುತ್ತಿದ್ದೆ. "ನಾಳಿ ನೋಡೂಣ್ರಿ" ಎಂದು ಒಳಗೆ ಹೋಗುತ್ತಿದ್ದರು. ಒಂದು ದಿನವೂ ಮುಖ ಸಣ್ಣ ಮಾಡಿಕೊಂಡದ್ದನ್ನು ಕಾಣೆ. ನನಗೇ ಅಳು ಬರುತ್ತಿತ್ತು.

ಅವರು ಹೋದದ್ದು ಒಂದು ಬೆಳಿಗ್ಗೆ, ಹಾಲಿನ ಅಂಗಡಿಯ ಮುಂದೆ. ತಲೆ ಸುತ್ತುತ್ತದೆಂದು ಮೆಟ್ಟಿಲ ಮೇಲೆ ಕೂತವರು ಏಳಲಿಲ್ಲ. ಪೆಂಡಾಲಿನ ಆ ಮೀಸೆಯ ಗೃಹಸ್ಥನೇ ಆಸ್ಪತ್ರೆಗೆ ಒಯ್ದದ್ದು, ಅವನೇ ಮನೆಗೆ ತಂದದ್ದು. ಗದಗಿನಿಂದ ಕಾಕುವಿನ ತಂಗಿ ಬರಬೇಕೆಂದು ಮರುದಿನದವರೆಗೆ ಇಟ್ಟುಕೊಂಡರು. ಕಾಕು ಅಳಲಿಲ್ಲ. ಪಡಸಾಲೆಯಲ್ಲಿ ಅವರ ಪಕ್ಕ ಕುರ್ಚಿ ಹಾಕಿಸಿಕೊಂಡು, ಎಡಗೈಯನ್ನು ಅವರ ಎದೆಯ ಮೇಲಿಟ್ಟು ಕೂತಿದ್ದರು.

ನಮ್ಮ ಕಟ್ಟಡಕ್ಕೆ ಲಿಫ್ಟಿಲ್ಲ, ಮೆಟ್ಟಿಲು ಕಿರಿದು. ಚಟ್ಟ ಎತ್ತಿದಾಗ ಕಾಕುವಿನ ಕುರ್ಚಿಯನ್ನು ಬಾಗಿಲಿನವರೆಗೆ ತಂದೆವು. ನಾಲ್ವರು ಹೊತ್ತಿದ್ದರು, ಎಲ್ಲ ನಮ್ಮ ಗಲ್ಲಿಯ ಮರಾಠಿಯವರು, ಮುಂದೆ ಆ ಮೀಸೆಯ ಗೃಹಸ್ಥ. ಮೊದಲ ತಿರುವಿನಲ್ಲಿ ಚಟ್ಟ ಗೋಡೆಗೆ ತಗುಲಿ ಒಂದು ಕಡೆ ವಾಲಿತು.

"ಹಾಳ" ಎಂದರು ಕಾಕು.

ಹಾಡಲ್ಲ, ಮಾತು. ಒಡೆದ, ಒರಟು ದನಿಯಲ್ಲಿ ಒಂದು ಮಾತು. ಎಡಗೈ ಮುಂದೆ ಚಾಚಿ ಮತ್ತೆ ಹೇಳಿದರು. "ಹಾಳ. ಹಾಳ."

ಅವರ ತಂಗಿ ಅವರನ್ನು ತಬ್ಬಿಕೊಂಡು ಗೋಳೋ ಎಂದು ಅತ್ತಳು. "ಹೌದವಾ, ಹಾಳಾತು. ನಿನ್ನ ಬಾಳೆ ಹಾಳಾತು." ಊರಿನಿಂದ ಬಂದ ಹೆಂಗಸರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡರು.  ಆ ಒಂದು ಮಾತಿಗೆ ಆ ಮನುಷ್ಯ ಎಷ್ಟು ಬೆಳಗು ಆ ಓಣಿಯಲ್ಲಿ ನಿಂತಿದ್ದರು. ಅದು ಬಂದಾಗ ಕೇಳಲು ಅವರಿರಲಿಲ್ಲ, ಮತ್ತು ಅದು ಅಳುವಲ್ಲ ಎಂದು ಅಲ್ಲಿದ್ದ ಕನ್ನಡದವರಲ್ಲಿ ನನ್ನೊಬ್ಬಳಿಗೇ ಗೊತ್ತಿತ್ತು.

ಆದರೆ ತಿರುವಿನಲ್ಲಿ ಮುಂದಿದ್ದ ಗೃಹಸ್ಥ ನಿಂತ. ಹೆಗಲ ಮೇಲಿನ ಭಾರವನ್ನು ಸರಿಮಾಡಿಕೊಂಡು ತಲೆ ಎತ್ತಿ ಮೇಲೆ ನೋಡಿದ. ಅವನಿಗೆ ಕನ್ನಡ ಬಾರದು, ಆ ಮನೆಯ ಕಥೆಯೂ ಗೊತ್ತಿಲ್ಲ.

"ಹೋ ಕಾಕು" ಎಂದ. "ಹಳೂಚ ನೇತೋಯ."

ಹೌದು ಕಾಕು, ಮೆಲ್ಲಗೇ ಒಯ್ಯುತ್ತಿದ್ದೇವೆ. ಕಾಕು ತಲೆ ಆಡಿಸಿ ಕೈ ಇಳಿಸಿದರು. ಉಳಿದ ಮೆಟ್ಟಿಲುಗಳನ್ನು ಹೊತ್ತವರು ಒಂದೊಂದಾಗಿ, ಬಹಳ ಮೆಲ್ಲಗೆ ಇಳಿದರು.